ಅಸಲಿನ ಅಕ್ಷರಗಳು

ದಾವಣಗೆರೆ ಬಜಾರಿನ ನಮ್ಮ ಸೀರೆ ಅಂಗಡಿಯಲ್ಲಿ ಪ್ರತಿ ಸೀರೆಗೂ ಒಂದು ಸಣ್ಣ ಚೀಟಿ ಕಟ್ಟಿರುತ್ತಿತ್ತು. ಅದರ ಮೇಲೆ ಮಾರುವ ಬೆಲೆ ಅಂಕಿಯಲ್ಲಿ, ಕೆಳಗೆ ಮೂರೋ ನಾಲ್ಕೋ ಅಕ್ಷರ. ಗಿರಾಕಿಗೆ ಅವು ಅರ್ಥವಿಲ್ಲದ ಗೀಚು. ನಮಗೆ ಅದು ಅಸಲು, ಅಂದರೆ ನಾವು ಕೊಂಡ ಬೆಲೆ. ಹತ್ತು ಅಕ್ಷರಗಳ ಒಂದು ಮಾತು, ಒಂದೊಂದು ಅಕ್ಷರಕ್ಕೆ ಒಂದೊಂದು ಅಂಕಿ. ಚೌಕಾಸಿ ಶುರುವಾದರೆ ಎಲ್ಲಿಯವರೆಗೆ ಇಳಿಯಬಹುದೆಂದು ಚೀಟಿಯೇ ಹೇಳುತ್ತಿತ್ತು. ಜವಳಿ ವ್ಯಾಪಾರದ ನಮ್ಮಂಥ ಮನೆಗಳಲ್ಲಿ ಹೀಗೆ ಮನೆಗೊಂದು ಮಾತು. ನೌಕರರಿಗೆ ಹೇಳುವುದಿಲ್ಲ, ಮದುವೆಯಾಗಿ ಹೋಗುವ ಹೆಣ್ಣುಮಕ್ಕಳಿಗೂ ಇಲ್ಲ. ನಮ್ಮದನ್ನು ಬಲ್ಲವರು ಈಗ ಉಳಿದಿದ್ದು ನನ್ನ ಯಜಮಾನರು, ನಾನು, ಇಬ್ಬರೇ. ಇಲ್ಲೂ ಅದನ್ನು ಬರೆಯಲಾರೆ. ಓಲ್ಡ್ ಹ್ಯಾಬಿಟ್.

ಈಗ ಅಂಗಡಿ ನೋಡಿಕೊಳ್ಳುವವನು ತೀರಿಹೋದ ಮೈದುನನ ಮಗ. ಅವನು ಆ ಮಾತನ್ನು ಕಲಿಯಲಿಲ್ಲ, ಬೇಕೂ ಆಗಿರಲಿಲ್ಲ. ಹರಿಹರದಲ್ಲಿ ಇನ್ನೊಂದು ಅಂಗಡಿ ತೆರೆದು ಬಾರ್‌ಕೋಡ್ ತಂದ. ಸೀರೆಗೊಂದು ಗೆರೆಗೆರೆ ಸ್ಟಿಕ್ಕರ್. ಮಿಷನ್ ಪೀಂಕ್ ಎಂದು ಸದ್ದು ಮಾಡಿದರೆ ಸಾಕು, ಯಾವ ಸೀರೆ, ಎಂದು ಬಂತು, ಎಷ್ಟು ಉಳಿದಿದೆ, ಎಲ್ಲ ಸ್ಕ್ರೀನಿನ ಮೇಲೆ. ಹರಿಹರದಲ್ಲಿ ಮಾರಿದ್ದು ದಾವಣಗೆರೆಯಲ್ಲಿ ಕಾಣುತ್ತದೆ. ವೆರಿ ಕನ್ವೀನಿಯೆಂಟ್, ಬೇಡವೆನ್ನಲಾರೆ.

ಆದರೆ ಯಜಮಾನರಿಗೆ ಮರೆವು ಹತ್ತಿತ್ತು. ಮಗಳ ಹೆಸರು ತಪ್ಪುತ್ತಿತ್ತು, ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯೊಳಗೇ ಬಾತ್‌ರೂಮ್ ಎಲ್ಲಿ ಎಂದು ಕೇಳುತ್ತಿದ್ದರು. ಅಂಗಡಿಗೆ ಹೋದರೆ ಮಾತ್ರ ಬೆನ್ನು ನೆಟ್ಟಗಾಗುತ್ತಿತ್ತು. ಎಲ್ಲ ಹೋದರೂ ಆ ಹತ್ತು ಅಕ್ಷರ ಹೋಗುವುದಿಲ್ಲ, ಅದನ್ನು ಹಿಡಿದುಕೊಂಡು ಅವರು ಉಳಿಯುತ್ತಾರೆ ಎಂದು ನಾನು ನಂಬಿದ್ದೆ.

ಹಳೇ ಮಾಲನ್ನೆಲ್ಲ ಹರಿಹರಕ್ಕೆ ಸಾಗಿಸಿ ಸ್ಟಿಕ್ಕರ್ ಹಚ್ಚುವ ದಿನ ಹುಡುಗ ನಮ್ಮಿಬ್ಬರನ್ನೂ ಕಾರಿನಲ್ಲಿ ಕರೆದೊಯ್ದ.

“ದೊಡ್ಡಪ್ಪಾರೆ, ಒಂದೊಂದೇ ಅಸಲು ಹೇಳ್ರಿ. ಸಿಸ್ಟಮ್‌ಗೆ ಹಾಕ್ತೀನಿ.”

“ಇಷ್ಟು ದೊಡ್ಡ ಮಿಷನ್ ತಂದೀಯಲ್ಲೋ, ಅದನ್ನೇ ಕೇಳು!”

“ಅದಕ್ಕೆ ನಿಮ್ಮ ಮಂತ್ರ ಬರಲ್ರಿ.”

“ಹಂಗಾರೆ ಮಂಡಕ್ಕಿ, ಮೆಣಸಿನಕಾಯಿ ತರ್ಸು ಮೊದ್ಲು. ಪುಕ್ಕಟೆ ಮಂತ್ರ ಯಾರು ಹೇಳ್ತಾರೆ?”

ಎಷ್ಟೋ ತಿಂಗಳ ಮೇಲೆ ನಕ್ಕರು. ನನಗೂ ನಗು. ಅವರು ಚೀಟಿ ನೋಡಿ ಬೆಲೆ ಹೇಳುತ್ತ ಹೋದರು, ಹುಡುಗ ಟೈಪ್ ಮಾಡುತ್ತ ಹೋದ. ಪಕ್ಕದಲ್ಲಿ ಕೂತಿದ್ದ ನಾನು ಸ್ವಲ್ಪ ಹೊತ್ತಿನಲ್ಲೇ ಚೀಟಿಯ ಕಡೆ ಬಗ್ಗಿ ನೋಡಿದೆ. ಅವರು ಅಕ್ಷರ ಓದುತ್ತಿರಲಿಲ್ಲ. ಸೀರೆಯನ್ನು ಬೆರಳಲ್ಲಿ ಸವರಿ, ಬಾಯಿಗೆ ಬಂದದ್ದು ಹೇಳುತ್ತಿದ್ದರು.

ಜೋಡಿ ಇಳಕಲ್ ಸೀರೆ ಬಂದಾಗ ಹುಡುಗನೂ ತಡೆದ. “ಎರಡರ ಮ್ಯಾಲೂ ಅದೇ ಅಕ್ಷರ ಐತಲ್ರಿ. ರೇಟ್ ಯಾಕ ಬ್ಯಾರೆ?”

ಯಜಮಾನರು ಚೀಟಿಯನ್ನು ಹತ್ತಿರ ಹಿಡಿದರು, ದೂರ ಹಿಡಿದರು. ತುಟಿ ಅಲುಗಿತು. ಮೊದಲಕ್ಷರವೇ ಬರಲಿಲ್ಲ. ನನ್ನಿಂದ ನೋಡಲಾಗಲಿಲ್ಲ, ಮೆಲ್ಲಗೆ ಸರಿಯಾದ ಬೆಲೆ ಹೇಳಿಬಿಟ್ಟೆ. ಮುಂದಿನ ಚೀಟಿ ಕೈಗೆತ್ತಿಕೊಂಡು ಅದನ್ನೂ ಹೇಳಿದೆ. “ಅಯ್ಯೋ, ನೀವೇ ಹೇಳ್ರಿ ದೊಡ್ಡಮ್ಮ, ಲಗೂನ ಆಗ್ತದೆ,” ಎಂದು ಹುಡುಗ ನನ್ನ ಕಡೆ ತಿರುಗಿದ.

ಯಜಮಾನರು ನನ್ನ ಕೈಯಿಂದ ಚೀಟಿ ಕಿತ್ತುಕೊಂಡರು.

“ಇದನ್ನ ನಿನಗ ಯಾರು ಹೇಳಿದ್ರು?”

“ನೀವೇ ಅಲ್ವೇನ್ರಿ. ಮದುವೆಯಾದ ವಾರಕ್ಕೆ, ಅಂಗಡಿ ಹಿಂದಿನ ಕೋಣೇಲಿ.”

“ನಾನು ಹೊರಗಿನೋರಿಗೆ ಹೇಳಲ್ಲ.”

“ನಾನು ನಿಮ್ಮ ಹೆಂಡ್ತಿ ರೀ.”

“ಹೆಂಡ್ತಿಗೆ ಹೇಳಿದ್ದೆ. ನಿನಗ ಯಾರು ಹೇಳಿದ್ರು?”

ಅವರ ದನಿಯಲ್ಲಿ ಕೋಪವಿರಲಿಲ್ಲ. ಕಳವಾದ ಮನೆಯವರ ದಿಗಿಲಿತ್ತು. ಹುಡುಗ ನೌಕರರನ್ನು ಕರೆದ. ಉಳಿದ ಸೀರೆಗಳಿಗೆ ಅಸಲೇ ಹಾಕದೆ ಸ್ಟಿಕ್ಕರ್ ಹಚ್ಚಿ, ಹಳೇ ಚೀಟಿಗಳನ್ನು ಕತ್ತರಿಸಿದರು.

ಅಂದಿನಿಂದ ಅವರು ಅಂಗಡಿಗೆ ಹೋಗಿಲ್ಲ. ನಾನು ಕೋಣೆಗೆ ಬಂದರೆ ಮಾತು ನಿಲ್ಲಿಸುತ್ತಾರೆ. ಮೊನ್ನೆ ಬಾಗಿಲ ಹೊರಗೆ ಕಾಫಿ ಹಿಡಿದು ನಿಂತಿದ್ದಾಗ, ಒಳಗೆ ಹುಡುಗನಿಗೆ ಫೋನಿನಲ್ಲಿ ಪಿಸುಗುಡುತ್ತಿದ್ದರು: “ಇಲ್ಲೊಬ್ಬಾಕೆ ಸೇರ್ಕೊಂಡಾಳೆ. ನಮ್ಮ ಅಸಲೆಲ್ಲ ಗೊತ್ತೈತೆ ಆಕೆಗೆ. ಬ್ಯಾಡ, ಇಟ್ಕೊಳ್ಳೋದು ಬ್ಯಾಡ. ಕಳಿಸಿಬಿಡು.”

ಒಳಗೆ ಹೋಗಿ ಕಾಫಿ ಇಟ್ಟೆ. ನಾನು ಹೊರಗೆ ಬರುವವರೆಗೂ ಅವರು ಲೋಟ ಮುಟ್ಟಲಿಲ್ಲ.