ಅಣ್ಣನ ಟ್ರ್ಯಾಕ್ಟರಿಗೆ ನಾನು ಮಾಡಿದ ಪಟ್ಟಿ

ನಮ್ಮ ಕಡೆ ಟ್ರ್ಯಾಕ್ಟರನ್ನು ಕಂಪನಿಯ ಹೆಸರಿನಿಂದ ಕರೆಯುವವರು ಕಡಿಮೆ, ಬಣ್ಣದಿಂದ ಕರೆಯುವವರೇ ಹೆಚ್ಚು. ಕೆಂಪಿನವರು, ನೀಲಿಯವರು, ಹಸಿರಿನವರು ಎಂದು ಊರಲ್ಲಿ ಮೂರು ಪಕ್ಷಗಳಿವೆ. ಚುನಾವಣೆಗೊಮ್ಮೆ ಪಕ್ಷ ಬದಲಿಸುವವರೂ ಈ ವಿಷಯದಲ್ಲಿ ಬದಲಿಸುವುದಿಲ್ಲ. ನಾನೂ ಬಣ್ಣವನ್ನಷ್ಟೇ ಹೇಳುತ್ತೇನೆ. ಹೆಸರು ಹೇಳಿ ಊರಿನ ದಾರಿ ಬಂದ್ ಮಾಡಿಕೊಳ್ಳುವ ಆಸೆ ನನಗಿಲ್ಲ.

ಹೋದ ಬೇಸಿಗೆಯಲ್ಲಿ ಅಣ್ಣ ಕಲಬುರಗಿಗೆ ಫೋನ್ ಮಾಡಿದ. "ತಮ್ಮಾ, ಹಳೀ ಟ್ರ್ಯಾಕ್ಟರ್ ಕೊಟ್ಟು ಹೊಸಾದು ತರಬೇಕಂತ ಮಾಡೀನಿ. ಯಾವುದು ಛಲೋ, ನೋಡಿ ಹೇಳು" ಎಂದ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಸೇಡಂ ಹತ್ತಿರದ ನಮ್ಮ ಹೊಲದ ವಿಷಯದಲ್ಲಿ ಅವನು ನನ್ನನ್ನು ಒಂದು ಮಾತು ಕೇಳಿದ್ದು ಅದೇ ಮೊದಲು. ನಾನಾಗಿ ಹೇಳುತ್ತಿದ್ದ ಮಾತೂ ಒಂದೇ ಇತ್ತು: ವಯಸ್ಸಾಯಿತು, ಹೊಲ ಪಾಲಿಗೆ ಕೊಡು, ಅತ್ತಿಗೆಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿರು. ಊರಿಗೆ ಹೋದಾಗಲೆಲ್ಲ ಹೇಳುತ್ತಿದ್ದೆ. ಹೇಳಿದಾಗಲೆಲ್ಲ ಅವನು ಚಹಾ ತರಿಸುತ್ತಿದ್ದ. ಈ ಒಂದು ಸಲವಾದರೂ ನನ್ನ ಮಾತು ನಡೆಯಬೇಕು ಎಂದು ಹಟ ಹುಟ್ಟಿತು.

ಉದ್ದನೆಯ ನೋಟ್‌ಬುಕ್ಕಿನಲ್ಲಿ ಖಾನೆಗಳನ್ನು ಎಳೆದೆ. ಎಲ್ಲಿಯದು, ಬೆಲೆ ಎಷ್ಟು, ತಾಸಿಗೆ ಎಷ್ಟು ಡೀಸೆಲ್ ಕುಡಿಯುತ್ತದೆ, ಕೆಟ್ಟರೆ ಸಾಮಾನು ಎಲ್ಲಿ ಸಿಗುತ್ತದೆ, ಮುಂದೆ ಮಾರಿದರೆ ಎಷ್ಟು ಬರುತ್ತದೆ. ಕೆಂಪು ಅಪ್ಪಟ ದೇಶಿ, ಬೆಲೆಯೂ ಕಡಿಮೆ. ನೀಲಿ ಹುಟ್ಟಿದ್ದು ಪರದೇಶದಲ್ಲಿ, ಬೆಳೆದದ್ದು ಇಲ್ಲಿ, ಬೆಲೆ ನಡುವಿನದು. ಹಸಿರಿನ ಹೆಸರು ವಿದೇಶದ್ದು, ಜೋಡಿಸುವುದು ಮಾತ್ರ ಮಹಾರಾಷ್ಟ್ರದಲ್ಲಿ, ಕೆಂಪಿಗಿಂತ ಒಂದು ಲಕ್ಷ ಹೆಚ್ಚು. ಅಂಕ ಹಾಕಿ ಕೂಡಿಸಿದೆ. ಕೆಂಪು ಫಸ್ಟ್ ಕ್ಲಾಸಿನಲ್ಲಿ ಬಂತು, ಹಸಿರು ಕಷ್ಟಪಟ್ಟು ಪಾಸಾಯಿತು.

ನೋಟ್‌ಬುಕ್ ಹಿಡಿದು ಊರಿಗೆ ಹೋದೆ. ಅಣ್ಣನೂ ನಾನೂ ಸೇಡಂ, ಚಿತ್ತಾಪುರ, ಶಹಾಬಾದ ಎಂದು ಮೂರು ಶೋರೂಮು ಸುತ್ತಿದೆವು. ಜೊತೆಗೆ ಭಂಕೂರಿನಲ್ಲಿ ಟ್ರಾಲಿ ವೆಲ್ಡಿಂಗ್ ಮಾಡುವ ಚಾಚಾ ಇದ್ದರು, ಅಣ್ಣನ ಹಳೆಯ ಗೆಳೆಯ. ಗಡಿ ದಾಟಿ ತಾಂಡೂರಿಗೆ ಹೋದರೆ ಅಗ್ಗ ಎಂದು ಚಿಂಚೋಳಿಯ ಬೀಗರು ಫೋನಿನಲ್ಲೇ ನಮ್ಮನ್ನು ಆ ಕಡೆ ಎಳೆಯುತ್ತಿದ್ದರು. ನಾನು ಚಾಚಾನಿಗೆ ಪಟ್ಟಿ ಓದಿ ಹೇಳತೊಡಗಿದೆ.

"ಮಾಸ್ತರ್, ಗಾಡಿ ಯಾವ ಮುಲ್ಕಿಂದು, ಯಾವ ದೇಶದ್ದು ಅಂತ ನಮ್ಮ ಕರೀ ಎರಿ ಭೂಮಿ ಕೇಳಂಗಿಲ್ಲ" ಎಂದರು ಚಾಚಾ. "ಕೆಟ್ಟು ನಿಂತಾಗ ಸಾಮಾನು ಶಹಾಬಾದದಾಗ ಸಿಗ್ತದೋ ಇಲ್ಲೋ, ಅಷ್ಟೇ ನೋಡ್ರಿ."

"ಅದು ನಾಲ್ಕನೇ ಖಾನ್ಯಾಗ ಅದ ಚಾಚಾ" ಎಂದೆ. ಅವರು ನೋಟ್‌ಬುಕ್ಕಿಗೆ ಒಂದು ಸಲಾಮು ಮಾಡಿ ಚಹಾ ಅಂಗಡಿಗೆ ಹೋದರು.

ಅಣ್ಣನೋ ದೇಶ ಕೇಳಲಿಲ್ಲ, ಬೆಲೆ ಕೇಳಲಿಲ್ಲ. ಎಲ್ಲ ಕಡೆಯೂ ಅವನದು ಒಂದೇ ಕೆಲಸ. ಸೀಟಿನ ಮೇಲೆ ಹತ್ತಿ ಕೂತು, ಎಡಗಾಲಿನಿಂದ ಕ್ಲಚ್ಚನ್ನು ಹತ್ತು ಹನ್ನೆರಡು ಸಲ ಒತ್ತಿ ಬಿಡುವುದು, ಆಮೇಲೆ ಮಡ್‌ಗಾರ್ಡ್ ಹಿಡಿದು ನಿಧಾನ ಇಳಿಯುವುದು. ಶೋರೂಮಿನವರ ಮುಂದೆ ನನಗೆ ಮುಜುಗರ. "ಏನಣ್ಣಾ, ಹೊಲಿಗಿ ಮಷೀನ್ ತಗೊಳಾಕ ಬಂದೀಯೇನು?" ಎಂದು ಕಾಲೆಳೆದೆ. ಅವನೂ ನಕ್ಕ.

ಕೊನೆಗೆ ಅಡ್ವಾನ್ಸ್ ಕೊಟ್ಟಿದ್ದು ಹಸಿರಿಗೆ. ನನಗೆ ಸಿಟ್ಟು ನೆತ್ತಿಗೇರಿತು. "ಒಂದು ಲಕ್ಷ ಯಾತಕ್ಕ ಹೆಚ್ಚು ಕೊಡ್ತಿ?" ಎಂದೆ. "ಬಣ್ಣ ಛಲೋ ಅದ" ಎಂದ. ನನ್ನನ್ನು ರೈಲಿಗೆ ಬಿಡಲು ವಾಡಿ ಸ್ಟೇಷನ್ನಿಗೆ ಬಂದಾಗಲೂ ನಾನು ಮುಖ ಊದಿಸಿಕೊಂಡೇ ಇದ್ದೆ. ಅವನು ಕಿಟಕಿಯಿಂದ ಬಾಳೆಹಣ್ಣು ಕೊಟ್ಟ. ಸಿಟ್ಟಿನಲ್ಲೇ ತಿಂದೆ.

ಹೊಸದನ್ನು ತರುವ ದಿನ ಅಣ್ಣ ಕರೆದನೆಂದು ಮತ್ತೆ ಊರಿಗೆ ಹೋದೆ. ಹಳೆಯದನ್ನು ಶೋರೂಮಿಗೆ ಒಪ್ಪಿಸಬೇಕಿತ್ತು. "ನೀನೇ ನಡಸು. ಅಪ್ಪ ಕಲಿಸಿದ್ದು ನೆನಪದನೋ ಇಲ್ಲೋ ನೋಡೋಣ" ಎಂದು ಅಣ್ಣ ಮಡ್‌ಗಾರ್ಡಿನ ಮೇಲೆ ಕೂತ. ಖುಷಿಯಿಂದಲೇ ಹೊರಟೆ. ಸೇಡಂ ಹತ್ತಿರ ಬಂದಾಗ ಸಿಮೆಂಟ್ ಲಾರಿಗಳು ಉದ್ದಕ್ಕೂ ಸಾಲುಗಟ್ಟಿ ನಿಂತಿದ್ದವು. ನಾಲ್ಕು ಹೆಜ್ಜೆ ಮುಂದೆ, ಕ್ಲಚ್ಚು. ಮತ್ತೆ ನಾಲ್ಕು ಹೆಜ್ಜೆ, ಮತ್ತೆ ಕ್ಲಚ್ಚು. ಅದು ಎಷ್ಟು ಬಿಗಿ ಇತ್ತೆಂದರೆ ಸೊಂಟ ಹಿಂದಕ್ಕೆ ಆನಿಸಿ, ಇಡೀ ಮೈ ಭಾರ ಹಾಕಿ ತುಳಿಯಬೇಕು. ಅರ್ಧ ತಾಸಿನಲ್ಲಿ ನನ್ನ ಎಡಗಾಲು ಥರಥರ ನಡುಗತೊಡಗಿತು.

"ಕಾಲು ನೋಯ್ಲಿಕತ್ತದೇನು?" ಅಣ್ಣ ಕೇಳಿದ.

"ಇಲ್ಲ."

"ನಾನೂ ಹಂಗೇ ಅಂತಿದ್ದೆ" ಎಂದ. ನನ್ನ ಕಡೆ ನೋಡಲಿಲ್ಲ, ಮುಂದಿನ ಲಾರಿಯನ್ನು ನೋಡುತ್ತಿದ್ದ. "ಮೂರು ಮಳಿಗಾಲ ಆಯ್ತು, ಎಡಗಾಲಿನ ಮೊಣಕಾಲು ಸವದದ. ನಿನಗ ಹೇಳಿದ್ರ ಮತ್ತ ಹೊಲ ಪಾಲಿಗಿ ಕೊಡು ಅಂತಿ. ಆ ಹಸರಂದು ಕ್ಲಚ್ ಭಾಳ ಮೆತ್ತಗ ಅದ. ಇನ್ನ ಹತ್ತು ವರ್ಷ ನಾನೇ ಹೊಡೀತೀನಿ."

ಹೊಲಿಗೆ ಮಷೀನಿನ ಮಾತು ನೆನಪಾಗಿ ನನಗೆ ನಾಚಿಕೆಯಾಯಿತು. ನೋವನ್ನು ಒಡಹುಟ್ಟಿದವನಿಂದಲೇ ಮುಚ್ಚಿಡುವ ಹಾಗೆ ಮಾಡಿದವನೂ ನಾನೇ. ಲಾರಿಗಳು ಮುಂದೆ ಸರಿದವು, ಹಿಂದಿನವನು ಹಾರ್ನ್ ಹೊಡೆದ, ನನಗೆ ಗೇರ್ ಹಾಕಲು ತೋಚಲಿಲ್ಲ.

"ಪಟ್ಟಿ ಛಲೋ ಮಾಡಿದ್ದಿ" ಎಂದ ಅಣ್ಣ, ಭುಜ ತಟ್ಟಿ. "ಮೊಣಕಾಲಿಗಿ ಒಂದು ಖಾನಿ ಇಡೋದು ಮರ್ತಿದ್ದಿ, ಅಷ್ಟೇ."

ಈ ವರ್ಷ ತೊಗರಿ ಹೊಲವನ್ನು ಅವನೇ ಹರಗಿದ. ಪಾಲಿನ ಮಾತನ್ನು ನಾನು ಮತ್ತೆ ಎತ್ತಿಲ್ಲ. ಮೊಣಕಾಲನ್ನು ಒಮ್ಮೆ ಡಾಕ್ಟರಿಗೆ ತೋರಿಸೋಣ ಎಂದು ಮಾತ್ರ ಬೆನ್ನು ಹತ್ತಿದ್ದೇನೆ. "ಮೊದಲ ಪಟ್ಟಿ ಮಾಡು" ಎನ್ನುತ್ತಾನೆ. "ಯಾವ ಡಾಕ್ಟರ್ ಎಲ್ಲಿಯವ, ಫೀಸು ಎಷ್ಟು, ಯಾರ ಕೈ ಮೆತ್ತಗ." ನೋಟ್‌ಬುಕ್ಕಿನಲ್ಲಿ ಹೊಸ ಹಾಳೆ ತೆಗೆದು ಖಾನೆ ಎಳೆದಿದ್ದೇನೆ. ಈ ಸಲ ಅವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಕೇಳಿ ಕೇಳಿ ತುಂಬುತ್ತಿದ್ದೇನೆ.