ನಮ್ಮತ್ತೆ ಮತ್ತು ನನ್ನ ಸೈಕಲ್ಲು

ನಮ್ಮತ್ತೆಯ ಬಲಗೈ ಹೆಬ್ಬೆರಳಿನ ಉಗುರು ಉಳಿದ ಬೆರಳುಗಳ ಉಗುರಿನಂತಿರಲಿಲ್ಲ. ದಪ್ಪಗೆ, ಹಳದಿಗಟ್ಟಿ, ತುದಿ ಕೊಂಚ ಬಾಗಿಕೊಂಡಿತ್ತು. ಅದರಲ್ಲೇ ಅಡಿಕೆ ಸುಲಿಯುತ್ತಿದ್ದರು, ಅದರಲ್ಲೇ ಹೇನು ಕುಕ್ಕುತ್ತಿದ್ದರು, ಬಿಗಿಯಾದ ಡಬ್ಬಿಯ ಮುಚ್ಚಳವನ್ನೂ ಅದರಲ್ಲೇ ಎಬ್ಬಿಸುತ್ತಿದ್ದರು. ನನ್ನ ಸೈಕಲ್ಲಿನ ಗಾಳಿ ಬಿಡುತ್ತಿದ್ದದ್ದೂ ಅದೇ ಬೆರಳು ಅನ್ನೋದು ನನಗೆ ಗೊತ್ತಾಗಿದ್ದು ತಡವಾಗಿ.

ಸತ್ತವರ ಬಗ್ಗೆ ಕೆಟ್ಟ ಮಾತಾಡಬಾರದು ಅಂತಾರೆ. ಬದುಕಿದ್ದಾಗ ಬಾಯಿ ಬಿಡೋಕೆ ಬಿಡಲಿಲ್ಲ, ಸತ್ತ ಮೇಲೂ ಆಡಬಾರದು ಅಂದರೆ ಇನ್ಯಾವಾಗ ಆಡಲಿ?

ನನ್ನ ತವರು ತಿ. ನರಸೀಪುರದ ಹತ್ತಿರ. ಅಲ್ಲಿ ಕಾಲೇಜಿಗೆ ಹೋಗಲಿ ಅಂತ ಅಪ್ಪ ಒಂದು ಲೇಡೀಸ್ ಸೈಕಲ್ಲು ಕೊಡಿಸಿದ್ದರು. ತೊಂಬತ್ತರ ದಶಕದ ಮೊದಲಲ್ಲಿ ನಂಜನಗೂಡಿನ ಕಡೆಯ ಈ ಹಳ್ಳಿಗೆ ಮದುವೆಯಾಗಿ ಬಂದಾಗ ಬೀರು, ಪಾತ್ರೆಗಳ ಜೊತೆ ಸೈಕಲ್ಲೂ ಲಾರಿ ಹತ್ತಿ ಬಂತು. ಬೀರು ನೋಡಿ ನಮ್ಮತ್ತೆ ಮುಖ ಅರಳಿತು. ಸೈಕಲ್ಲು ಇಳಿಸುವಾಗ, "ಇದ್ಯಾಕೆ? ಎಣ್ಣೆಂಗ್ಸು ಸೈಕಲ್ ತುಳುದ್ರೆ ಮನೆ ಉದ್ಧಾರ ಆಯ್ತದಾ?" ಅಂದರು. ಬೀಗರ ಮುಂದೆಯೇ.

ನನ್ನ ಗಂಡ ಇದ್ದ ಚೂರು ಗದ್ದೆ ನೋಡಿಕೊಂಡಿದ್ದರು. ಸಾಲದು. ನಾನು ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಹಿಡಿದೆ. ಬೆಳಿಗ್ಗೆ ಸೈರನ್ ಆದ ಮೇಲೆ ಗೇಟು ಮುಚ್ಚಿದರೆ ಮುಚ್ಚಿತು. ತಡವಾಗಿ ಹೋದವಳು ಮನೆಗೆ ವಾಪಸ್ಸು. ಪದೇ ಪದೇ ತಡವಾದರೆ ಕೆಲಸಕ್ಕೇ ವಾಪಸ್ಸು ಕರೆಯುತ್ತಿರಲಿಲ್ಲ, ಕಾಯಂ ಆಗುವ ಮಾತಂತೂ ದೂರ. ನಮ್ಮತ್ತೆಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಯಾಕಂದರೆ ನಾನೇ, ದಡ್ಡಮುಂಡೇದು, ಮೊದಲನೇ ದಿನವೇ ಖುಷಿಯಿಂದ ಕೂತು ಎಲ್ಲ ಹೇಳಿದ್ದೆ. ಅವರು ಎಲೆಗೆ ಸುಣ್ಣ ಸವರುತ್ತಾ ಗಮನವಿಟ್ಟು ಕೇಳಿಸಿಕೊಂಡಿದ್ದರು.

ಅಲ್ಲಿಂದ ಶುರು. ಬೆಳಿಗ್ಗೆ ಎದ್ದರೆ ಹಿಂದಿನ ಚಕ್ರ ಚಪ್ಪಟೆ. ತಳ್ಳಿಕೊಂಡು ಬಿಳಿಗೆರೆ ರಸ್ತೆಯ ಸೈಕಲ್ ಶಾಪಿನವರೆಗೆ ಓಡಿದೆ. ಶಾಪಿನವರು ಟ್ಯೂಬು ತೆಗೆದು ನೀರಲ್ಲಿ ಮುಳುಗಿಸಿ ಹಿಚುಕಿ ನೋಡಿದರು. ಒಂದು ಗುಳ್ಳೆಯೂ ಬರಲಿಲ್ಲ.

"ತೂತೂ ಇಲ್ಲ ಗೀತೂ ಇಲ್ಲ ಕಣವ್ವ. ಯಾರೋ ವಾಲ್ ಸಡ್ಲ ಮಾಡಿ ಗಾಳಿ ಬುಟ್ಟವ್ರೆ, ಇಲ್ನೋಡು."

ವಾಲಿನ ತಿರುಪಿನ ಮೇಲೆ ಬೆಳ್ಳಗೆ ಸುಣ್ಣ ಮೆತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ! ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ತಲೆ ಎತ್ತದೆ, "ಅವ್ವ ಅಂಗೇ ಕಣಮ್ಮಿ, ಅಡ್ಜಸ್ಟ್ ಮಾಡ್ಕೋ" ಅಂದರು. ಆ ಮನುಷ್ಯ ಜೀವಮಾನವಿಡೀ ಹೇಳಿದ ಬುದ್ಧಿವಾದ ಇಷ್ಟೇ.

ಅಡ್ಜಸ್ಟ್ ಮಾಡಿಕೊಂಡೆ. ಪಂಪು ತಂದೆ. ವಾಲ್‌ಟ್ಯೂಬಿನ ತೆಳು ರಬ್ಬರಿಗೆ ಎಂಜಲು ಸವರಿದರೆ ವಾಲಿನ ಮೇಲೆ ಸಲೀಸಾಗಿ ಏರುತ್ತೆ ಅನ್ನೋದನ್ನ ಕಲಿತೆ. ಗಾಳಿಗೆ ನಾನು ಬಗ್ಗಲ್ಲ ಅಂತ ಕಂಡಾಗ ನಮ್ಮತ್ತೆ ಚೈನಿಗೆ ಕೈ ಹಾಕಿದರು. ಚೈನು ಕಳಚಿ ಬೀಳೋದು. ನಾನು ಕಡ್ಡಿಯಲ್ಲಿ ಎತ್ತಿ ಹಲ್ಲಿಗೆ ಸಿಗಿಸಿ, ಪೆಡಲ್ಲು ಹಿಂದಕ್ಕೆ ತಿರುಗಿಸಿ ಕೂರಿಸೋದು. ಚೈನಿಗೆ ಮರಳು ಬೀಳೋದು. ನಾನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಎಣ್ಣೆ ಬಿಡೋದು. ಸೀಟು ಸಡಿಲವಾಗೋದು, ನಾನು ಪಾನ ಹಿಡಿದು ನಟ್ಟು ಬಿಗಿಯೋದು. ಹೊರಡುವ ಮುಂಚೆ ಚಕ್ರ, ಚೈನು, ಬ್ರೇಕು, ನಟ್ಟು ಎಲ್ಲ ಮುಟ್ಟಿ ನೋಡದೆ ನಾನು ಸೈಕಲ್ಲು ಹತ್ತುತ್ತಲೇ ಇರಲಿಲ್ಲ. ನಮ್ಮತ್ತೆ ಜಗಲಿಯಲ್ಲಿ ಕೂತು ಎಲೆ ಮಡಚುತ್ತಾ ನೋಡುತ್ತಿದ್ದರು. ಇಬ್ಬರಲ್ಲಿ ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಪಕ್ಕದ ಮನೆಯವರು ಬಂದರೆ ಮಾತ್ರ, "ಕಾರ್ಖಾನೆಗೋಗೋ ಸೊಸೆ, ಏರಿ ಒಡೆದ ನೀರು, ಎರಡೂ ತಿರುಗಿ ಮನೆಗೆ ಬರಕಿಲ್ಲ" ಅನ್ನುತ್ತಿದ್ದರು. ಕೈಗೆ ಸಂಬಳ ಬಂದರೆ ನಾನು ಅವರ ಮಗನನ್ನ ಕಟ್ಟಿಕೊಂಡು ಬೇರೆ ಹೋಗ್ತೀನಿ ಅನ್ನೋ ಭಯ ಅವರಿಗೆ. ಅಷ್ಟು ಬುದ್ಧಿ ಆಗ ನನಗಿದ್ದಿದ್ದರೆ ಹೋಗಿಬಿಡುತ್ತಿದ್ದೆ.

ಒಂದು ವರ್ಷ ಆಯುಧಪೂಜೆಯ ದಿನ ನಮ್ಮತ್ತೆ ತಾವೇ ನನ್ನ ಸೈಕಲ್ಲು ತೊಳೆಯೋಕೆ ಕೂತರು. ನನಗೆ ಕಣ್ಣು ತುಂಬಿ ಬಂತು, ನಾಚಿಕೆಗೇಡು! ಕುಡುಗೋಲು, ಗುದ್ದಲಿ, ಮಚ್ಚಿನ ಸಾಲಿನಲ್ಲಿ ಸೈಕಲ್ಲನ್ನೂ ನಿಲ್ಲಿಸಿದರು. ವಿಭೂತಿ ಬಳಿದರು, ಹ್ಯಾಂಡಲ್ಲಿಗೆ ಸೇವಂತಿಗೆ ಕಟ್ಟಿದರು. ಸೈಕಲ್ಲು ಹೊಸ ಮದುಮಗಳ ಹಾಗೆ ಹೊಳೆಯುತ್ತಿತ್ತು. ಪೂಜೆಗಿಟ್ಟ ಆಯುಧವನ್ನು ಆ ದಿನ ಯಾರೂ ಮುಟ್ಟುವಂತಿಲ್ಲ. ಹಾಗಾಗಿ ನಾನೂ ಮುಟ್ಟಿ ನೋಡಲಿಲ್ಲ.

ಮಾರನೇ ದಿನ ವಿಜಯದಶಮಿ. ಬಸ್ಸುಗಳನ್ನೆಲ್ಲ ದಸರಾಕ್ಕೆ ಅಂತ ಮೈಸೂರಿನ ಕಡೆ ಎಳೆದುಕೊಂಡಿದ್ದರು. ನನ್ನ ಗಂಡ ಪೇಟೆಗೆ ಹೋಗಿ ಹಣ್ಣು ತರಬೇಕಿತ್ತು. ಹೆಂಗಸರ ಸೈಕಲ್ಲು ಹತ್ತಿದರೆ ಊರು ನಗುತ್ತೆ ಅಂತ ಅದುವರೆಗೆ ಅವರು ನನ್ನ ಸೈಕಲ್ಲಿನ ಬೆಲ್ಲು ಸಹ ಬಾರಿಸಿದವರಲ್ಲ. ಅವತ್ತು ಬೇರೆ ದಾರಿಯಿರಲಿಲ್ಲ. ಯಾರೂ ನೋಡದಿರಲಿ ಅಂತ, ನಾನು ಕೊಟ್ಟಿಗೆಯಲ್ಲಿ ಹಾಲು ಕರೆಯುವಾಗ, ಅವರವ್ವ ಹಿತ್ತಿಲಲ್ಲಿದ್ದಾಗ, ಸದ್ದಿಲ್ಲದೆ ತೆಗೆದುಕೊಂಡು ಹೋದರು.

ಕೆರೆ ಏರಿ ದಾಟಿದ ಮೇಲೆ ಇಳಿಜಾರು. ಅದರ ಬುಡದಲ್ಲಿ ಕಲ್ಲಿನ ಮೋರಿ. ಅವರನ್ನು ನಾಲ್ಕು ಜನ ಹೊತ್ತುಕೊಂಡು ಬಂದು ಜಗಲಿ ಮೇಲೆ ಮಲಗಿಸಿದರು. ಮಂಡಿ ನೋಡುವ ಹಾಗಿರಲಿಲ್ಲ. "ಬ್ರೇಕು ಇಡೀನೇ ಇಲ್ಲ ಕಣವ್ವ" ಅಂತ ನರಳುತ್ತಿದ್ದರು. ಆಸ್ಪತ್ರೆಗೆ ಟೆಂಪೋ ಕರೆಯೋಕೆ ಹುಡುಗರು ಓಡಿದರು.

ನಮ್ಮತ್ತೆ ಎದೆ ಬಡಿದುಕೊಂಡರು. "ಇವಳ ಸೈಕಲ್ಲು ನನ್ನ ಮಗನ ಕಾಲು ತಿನ್ಕತಲ್ಲೋ! ಇವಳ ಮನೆ ಆಳಾಗೋಗ!"

ಯಾರೋ ಸೈಕಲ್ಲನ್ನೂ ತಂದು ಗೋಡೆಗೆ ಒರಗಿಸಿದ್ದರು. ಬ್ರೇಕ್ ರಬ್ಬರು ನಾನೇ ಹೋದ ವಾರ ಹಾಕಿದ್ದು, ಹೊಸದು. ಹಿಡಿಯದೆ ಏನು? ರಿಮ್ಮಿನ ಮೇಲೆ ಬೆರಳು ಎಳೆದೆ. ಜಾರಿತು. ಮೂಸಿ ನೋಡಿದೆ. ಹರಳೆಣ್ಣೆ! ಎರಡೂ ಚಕ್ರಕ್ಕೆ, ಸುತ್ತಲೂ, ಒಂದು ಕಡೆಯೂ ಬಿಡದ ಹಾಗೆ, ಬಾಣಂತಿಗೆ ಹಚ್ಚುವಷ್ಟು ಹಚ್ಚಿದ್ದರು. ನಾನು ಬೆರಳನ್ನು ತಂದು ನಮ್ಮತ್ತೆ ಮೂಗಿನ ಹತ್ತಿರ ಹಿಡಿದೆ. ಊರಿನ ಅರ್ಧ ಜನ ಅಂಗಳದಲ್ಲಿದ್ದರು.

ಅವರು ಬೆರಳು ನೋಡಿದರು, ನನ್ನ ನೋಡಿದರು. ಅಳು ನಿಂತಿತು.

"ನಿಂಗೆ ಅಂತ ಕಣೇ ಅಚ್ಚಿದ್ದು. ಅವನಿಗಲ್ಲ."

ಜಗಲಿಯ ಮೇಲೆ ನನ್ನ ಗಂಡ ಕಣ್ಣು ಮುಚ್ಚಿಕೊಂಡರು. ನೋವಿಗಲ್ಲ. ಕೇಳಿಸಲಿಲ್ಲ ಅಂತ ಆಮೇಲೆ ಹೇಳೋಕೆ ಅನುಕೂಲವಾಗಲಿ ಅಂತ.

ಆ ಮಂಡಿ ಮತ್ತೆ ಮಡಚಲಿಲ್ಲ. ಗದ್ದೆ ಗುತ್ತಿಗೆಗೆ ಹೋಯಿತು. ನನಗೆ ಕೆಲಸ ಕಾಯಂ ಆಯಿತು, ಮನೆಯ ಒಲೆ ಉರಿದದ್ದು ಅದರಿಂದಲೇ. ಆಮೇಲೆ ನಮ್ಮತ್ತೆ ಏನು ಮಾಡುತ್ತಿದ್ದರು ಗೊತ್ತೇ? ದಿನಾ ಬೆಳಿಗ್ಗೆ ನನಗಿಂತ ಮುಂಚೆ ಎದ್ದು ಚಕ್ರ ಒತ್ತಿ ನೋಡೋರು. "ಮುಂದ್ಲುದ್ರಲ್ಲಿ ಗಾಳಿ ಕಮ್ಮಿ ಅದೆ, ಒಡಕೋ" ಅನ್ನೋರು. ಬೇರೆಯವರ ಮಕ್ಕಳು ಬೆಲ್ಲು ಮುಟ್ಟಿದರೆ ಕೋಲು ತಗೊಳ್ಳೋರು. ಬದಲಾದರು ಪಾಪ ಅಂತ ಪಕ್ಕದ ಮನೆಯವರು ಅಂದರು. ಬದಲಾದದ್ದೂ ಇಲ್ಲ, ಪಾಪವೂ ಇಲ್ಲ. ಅವರು ಕಾಯುತ್ತಿದ್ದದ್ದು ತಾವು ಉಣ್ಣುವ ಮುದ್ದೆಯನ್ನ. ಅದನ್ನೂ ಮುಚ್ಚುಮರೆಯಿಲ್ಲದೆ ನನ್ನ ಮುಖಕ್ಕೇ ಹೇಳಿದ್ದರು.

ಕಾರ್ಖಾನೆಗೆ ಹೊಸದಾಗಿ ಸೇರಿ ಸೈಕಲ್ಲು ಕೊಂಡ ಹೆಣ್ಣುಮಕ್ಕಳಿಗೆ ನಾನೇ ಹೇಳಿಕೊಡುತ್ತಿದ್ದೆ. ರಿಮ್ಮಿಗೆ ಎಣ್ಣೆ ತಾಗಿಸಬೇಡಿ, ಹತ್ತುವ ಮುಂಚೆ ಎರಡೂ ಬ್ರೇಕು ಹಿಡಿದು ಸೈಕಲ್ಲು ಮುಂದಕ್ಕೆ ತಳ್ಳಿ ನೋಡಿ, ಚೈನು ಒಣಗೋಕೆ ಬಿಡಬೇಡಿ ಅಂತ. ಎಲ್ಲಿ ಕಲಿತೆ ಅಕ್ಕ ಅಂತ ಕೇಳುತ್ತಿದ್ದರು. ನಮ್ಮತ್ತೆ ಕಲಿಸಿದ್ದು ಅನ್ನುತ್ತಿದ್ದೆ. ಎಂಥಾ ಪುಣ್ಯವಂತೆ ನೀನು ಅನ್ನುತ್ತಿದ್ದರು ಹುಚ್ಚುಮುಂಡೇವು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಕ್ಕೆ ನಮ್ಮತ್ತೆ ಹಾಸಿಗೆ ಹಿಡಿದರು. ತೊಳೆದದ್ದು, ಬಳಿದದ್ದು ನಾನೇ. ಪ್ರೀತಿಯಿಂದ ಮಾಡಿದೆ ಅಂದರೆ ನಾಲಿಗೆಗೆ ಹುಳ ಬೀಳುತ್ತೆ. ಒಂದು ಬೆಳಿಗ್ಗೆ ಗಂಜಿ ಕುಡಿಸಿ ಬಾಯಿ ಒರೆಸುವಾಗ, ಅಷ್ಟು ವರ್ಷ ಗಂಟಲಲ್ಲೇ ಇದ್ದದ್ದನ್ನ ಕೇಳಿಯೇಬಿಟ್ಟೆ. "ಅತ್ತೆ, ಅವತ್ತು ಏರಿ ಇಳಿಜಾರಲ್ಲಿ ನಾನೇ ಬಿದ್ದಿದ್ರೆ?"

ತಪ್ಪಾಯ್ತು ಅನ್ನುವ ಒಂದು ಮಾತು ಬೇಕಿತ್ತು ನನಗೆ. ಆಣೆಗೂ ಬೇಕಿತ್ತು. ಅವರು ಕಣ್ಣು ಬಿಟ್ಟು ನನ್ನನ್ನೇ ನೋಡಿದರು.

"ಮನೇಲಿ ಬಿದ್ದಿರ್ತಿದ್ದೆ. ನನ್ ಮಗ ನೆಟ್ಟಗಿರ್ತಿದ್ದ."

ನಾನು ಬಟ್ಟಲು ತೊಳೆದಿಟ್ಟು ಕೆಲಸಕ್ಕೆ ಹೋದೆ. ಶಿಫ್ಟು ಮುಗಿಸಿ ಬರುವಷ್ಟರಲ್ಲಿ ಅವರು ಇರಲಿಲ್ಲ.

ನಮ್ಮಲ್ಲಿ ಹೆಣವನ್ನು ಕೂರಿಸುತ್ತಾರೆ. ಗೋಡೆಗೆ ಒರಗಿಸಿ, ವಿಭೂತಿ ಬಳಿದು, ಹಾರ ಹಾಕಿ ಕೂರಿಸಿದ್ದರು. ಹೆಂಗಸರು ಸುತ್ತ ಕೂತು ಹಾಡಿಕೊಂಡು ಅಳುತ್ತಿದ್ದರು. ನರಸೀಪುರದಿಂದ ಬಂದಿದ್ದ ನಮ್ಮ ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸುತ್ತಾ ಕೇಳಿದರು. "ಕೊನೇಗೆ ಏನಾರ ಅಂದ್ರೇನಮ್ಮಿ ನಿನ್ ತಾವ?"

ನನ್ನ ಗಂಡ ಬಾಗಿಲ ಹತ್ತಿರ ಕಾಲು ಚಾಚಿ ಕೂತಿದ್ದರು. ಏನಾದರೂ ಒಳ್ಳೇದು ಹೇಳು ಅನ್ನುವ ಹಾಗೆ ನನ್ನ ಕಡೆ ನೋಡಿದರು.

"ಅವತ್ತು ನಾನು ಬಿದ್ದಿದ್ರೆ ಮನೇಲಿ ಬಿದ್ದಿರ್ತಿದ್ದೆ, ಇವ್ರು ನೆಟ್ಟಗಿರ್ತಿದ್ರು ಅಂದ್ರು" ಅಂದೆ.

ಚಿಕ್ಕಮ್ಮ ಬಾಯಿ ಮೇಲೆ ಸೆರಗು ಇಟ್ಟುಕೊಂಡರು. ನನ್ನ ಗಂಡನಿಗೆ ಈ ಸಲ ಕಣ್ಣು ಮುಚ್ಚಿಕೊಳ್ಳಲು ಆಗಲಿಲ್ಲ. ತಲೆ ತಗ್ಗಿಸಿ, ಎರಡೂ ಕೈಯಲ್ಲಿ ಆ ಮಡಚದ ಕಾಲನ್ನು ಎತ್ತಿ ಪಕ್ಕಕ್ಕೆ ಸರಿಸಿಕೊಂಡರು.