ಪ್ರಾಗ್‌ನಲ್ಲಿ ಕಲ್ಯಾಣದ ಬದಿ

ಮೂವತ್ತು ವರ್ಷ ನಾನೂ ನನ್ನ ಹೆಂಡತಿಯೂ ಡೊಂಬಿವಲಿಯಿಂದ ಒಂದೇ ಲೋಕಲ್ ಹಿಡಿದು ಮುಂಬೈಗೆ ಕೆಲಸಕ್ಕೆ ಹೋದೆವು, ಒಂದೇ ಲೋಕಲ್ ಹಿಡಿದು ಮನೆಗೆ ಬಂದೆವು. ಆದರೆ ಅವಳು ಲೇಡೀಸ್ ಡಬ್ಬಿಯಲ್ಲಿ, ನಾನು ಹಿಂದಿನ ಜನರಲ್ ಡಬ್ಬಿಯಲ್ಲಿ. ಒಂದು ಮಳೆಗಾಲ ಗಾಡಿಗಳೆಲ್ಲ ನಿಂತು, ಗದ್ದಲದಲ್ಲಿ ಒಬ್ಬರನ್ನೊಬ್ಬರು ಹುಡುಕಿ ಸುಸ್ತಾದ ಮೇಲೆ ನಾನೇ ಒಂದು ಕಾನೂನು ಮಾಡಿದೆ. ತಪ್ಪಿಸಿಕೊಂಡರೆ ಪ್ಲಾಟ್‌ಫಾರ್ಮಿನ ಕಲ್ಯಾಣದ ಬದಿಗೆ, ಅಂದರೆ ನಮ್ಮನ್ನು ಇಳಿಸಿ ಗಾಡಿ ಮುಂದೆ ಕಲ್ಯಾಣ ಊರಿಗೆ ಹೋಗುವ ಕಡೆಯ ತುದಿಗೆ ಹೋಗಿ ನಿಲ್ಲಬೇಕು. ನಾನು ಬರುವವರೆಗೆ ಕದಲಬಾರದು. ಆಮೇಲೆ ಮೊಬೈಲ್ ಬಂತು, ಕಾನೂನು ನನಗೆ ಮರೆತೇ ಹೋಯಿತು.

ನಿವೃತ್ತರಾದ ಮೇಲೆ ಯುರೋಪ್ ಟೂರ್ ಹೊರಟೆವು. ಠಾಣೆ, ಕಲ್ಯಾಣದ ಕಡೆಯ ನಲವತ್ತು ಜನ, ಜೊತೆಗೆ ಪೋಳಿ–ಭಾಜಿ, ಅಂದರೆ ಚಪಾತಿ ಪಲ್ಯ, ಮಾಡಿಹಾಕುವ ಮರಾಠಿ ಅಡುಗೆಯವರು. ಎರಡು ವಿಮಾನ, ಎಷ್ಟೋ ಬಸ್ಸು. ಪ್ರಾಗ್ ತಲುಪುವಷ್ಟರಲ್ಲಿ ಯಾವ ಚರ್ಚು ಯಾವ ದೇಶದ್ದೆಂದು ನನಗೆ ಕಲಸುಮೇಲೋಗರವಾಗಿತ್ತು. ಅಲ್ಲಿ ಒಂದು ಮಧ್ಯಾಹ್ನ ಬಿಡುವು ಸಿಕ್ಕಿತು. ನಾವಿಬ್ಬರೇ ಮೆಟ್ರೋದಲ್ಲಿ ಕೋಟೆ ನೋಡಿ ಬರುತ್ತೇವೆ ಎಂದೆ. ಟೂರ್ ಮ್ಯಾನೇಜರ್ ಬೇಡವೆಂದ. ದಾದರ್‌ನ ನೂಕುನುಗ್ಗಲಲ್ಲಿ ಹತ್ತಿ ಇಳಿದವನಿಗೆ ಇವನೇನು ಹೇಳುವುದು ಎಂದು ನನಗೆ ಸಿಟ್ಟು ಬಂತು.

ನೆಲದಡಿಯ ಸ್ಟೇಷನ್ನಿನಲ್ಲಿ ನಿಂತು ಅವಳಿಗೆ ಹೇಳಿದೆ, ಮೂರನೆಯ ಸ್ಟೇಷನ್ನಿನಲ್ಲಿ ಇಳಿಯುವುದು ಎಂದು. ಗಾಡಿ ಬಂತು. ನಮ್ಮ ಕಾಲುಗಳಿಗೆ ಅದೇನಾಯಿತೋ, ಅವಳು ಸೀದಾ ನಡುವಿನ ಡಬ್ಬಿಗೆ ನಡೆದಳು, ನಾನು ಹಿಂದಿನ ಡಬ್ಬಿಗೆ. ಬಾಗಿಲು ಮುಚ್ಚಿದ ಮೇಲೆ ನೋಡುತ್ತೇನೆ, ನನ್ನ ಸುತ್ತ ಹೆಂಗಸರೂ ಗಂಡಸರೂ ಒಟ್ಟಿಗೇ ಕೂತಿದ್ದಾರೆ. ಇಲ್ಲಿ ಲೇಡೀಸ್ ಡಬ್ಬಿಯೇ ಇಲ್ಲ. ಅವಳ ಪಾಸ್‌ಪೋರ್ಟ್ ನನ್ನ ಸೊಂಟದ ಚೀಲದಲ್ಲಿತ್ತು, ಅವಳ ಮೊಬೈಲ್ ನನ್ನ ಜೇಬಿನಲ್ಲಿ. ಡಬ್ಬಿಯಿಂದ ಡಬ್ಬಿಗೆ ಹೋಗಲು ದಾರಿ ಇರಲಿಲ್ಲ.

ಮೂರನೆಯದರಲ್ಲಿ ಇಳಿದೆ. ಎದುರಿಗೇ ಎಸ್ಕಲೇಟರ್, ಜನರೆಲ್ಲ ಅದರತ್ತಲೇ ನಡೆದರು. ದಪ್ಪ ಕಂಬಗಳ ನಡುವೆ ಅವಳ ಹಸಿರು ಸೀರೆ ಕಾಣಲಿಲ್ಲ. ಮೇಲೆ ಹೋಗಿರಬೇಕೆಂದು ಓಡಿದೆ. ಬೀದಿಯಲ್ಲಿ ಟ್ರಾಮು, ಗೋಪುರ, ಗೋಪುರದ ಫೋಟೋ ತೆಗೆಯುವವರು. ಇಳಿದೇ ಇಲ್ಲವೇನೋ ಎಂದು ಕೆಳಗೆ ಬಂದು ಮುಂದಿನ ಸ್ಟೇಷನ್ನಿಗೆ ಹೋದೆ. ಅಲ್ಲೂ ಇಲ್ಲ. ಒಂದು ಬೋರ್ಡಿನ ಹೆಸರನ್ನೂ ಓದಲಾಗಲಿಲ್ಲ. ಸಮವಸ್ತ್ರದ ಒಬ್ಬನನ್ನು ಹಿಡಿದು ಇಂಗ್ಲಿಷಿನಲ್ಲಿ ಶುರುಮಾಡಿ ಹಿಂದಿಯಲ್ಲಿ ಮುಗಿಸಿದೆ. ಅವನು ನನಗೆ ಒಂದು ನಕ್ಷೆ ಕೊಟ್ಟ. ಹೆಂಡತಿ ಕಳೆದುಹೋದವನು ನಕ್ಷೆ ಇಟ್ಟುಕೊಂಡು ಏನು ಮಾಡಬೇಕು? ಅಲ್ಲಿನ ಬೆಂಚಿನ ಮೇಲೆ ಕುಸಿದು, ಅವಳು ಈಗ ಎಲ್ಲಿಗೆ ಹೋಗಿರಬಹುದು ಎಂದು ಯೋಚಿಸಿದೆ. ಆಗ ಹೊಳೆಯಿತು, ಅವಳು ಎಲ್ಲಿಗೂ ಹೋಗುವವಳಲ್ಲ.

ಆದರೆ ಈ ಊರಿನಲ್ಲಿ ಕಲ್ಯಾಣ ಯಾವ ಬದಿ? ಪೂರ್ವವೋ ಪಶ್ಚಿಮವೋ ಗೊತ್ತಿಲ್ಲದ ನೆಲದಡಿಯಲ್ಲಿ ಕೈಯನ್ನು ಗಾಳಿಯಲ್ಲಿ ಆ ಕಡೆ ಈ ಕಡೆ ಆಡಿಸಿ ಲೆಕ್ಕ ಹಾಕಿದೆ. ಎದುರು ಕೂತ ಹುಡುಗಿ ಎದ್ದು ದೂರ ಹೋದಳು. ವಾಪಸ್ ಗಾಡಿ ಹಿಡಿದು ಅದೇ ಮೂರನೆಯ ಸ್ಟೇಷನ್ನಿನಲ್ಲಿ ಇಳಿದೆ. ಎಸ್ಕಲೇಟರ್‌ಗೆ ಬೆನ್ನು ಹಾಕಿ, ಗಾಡಿ ಆಗ ನಮ್ಮನ್ನು ಬಿಟ್ಟು ಹೋದ ದಿಕ್ಕಿಗೆ ನಡೆದೆ. ಆ ತುದಿಯಲ್ಲಿ ದಾರಿಯೇ ಇಲ್ಲ, ಬರೀ ಗೋಡೆ. ಕೊನೆಯ ಕಂಬದ ಆಚೆ, ಗೋಡೆಗೆ ಒರಗಿ, ಪರ್ಸನ್ನು ಎದೆಗೆ ಅವಚಿಕೊಂಡು ಅವಳು ನಿಂತಿದ್ದಳು.

ಬೈಯಬೇಕೆಂದಿದ್ದೆ. ಬದಲಿಗೆ ಕಣ್ಣಲ್ಲಿ ನೀರು ಬಂತು.

"ಎಂತಕ್ಕೆ ಇಷ್ಟು ಹೊತ್ತು?" ಎಂದಳು. "ಒಬ್ಬ ಬಂದು ಮೇಲೆ ಹೋಗಿ ಅಂತ ಕೈ ಮಾಡಿ ತೋರ್ಸಿದ. ನಾನು ಹಂದ್ಲಿಲ್ಲ, ನಿಂತಲ್ಲೇ ನಿಂತೆ. ನೀವೇ ಅಲ್ವಾ ಹೇಳಿದ್ದು?"

ಕೋಟೆ ನೋಡುವ ಉಮೇದು ಇಬ್ಬರಿಗೂ ಉಳಿದಿರಲಿಲ್ಲ. ಮರಳುವಾಗ ಅವಳ ಕೈ ಹಿಡಿದು ಒಂದೇ ಬಾಗಿಲಿನಿಂದ ಹತ್ತಿದೆ. ಅಕ್ಕಪಕ್ಕ ಕೂತೆವು. ಮೂವತ್ತು ವರ್ಷದ ಓಡಾಟದಲ್ಲಿ ಅವಳು ಕಿಟಕಿಯಾಚೆ ನೋಡುವವಳೋ ಕಣ್ಣು ಮುಚ್ಚುವವಳೋ ನನಗೆ ಗೊತ್ತಿರಲಿಲ್ಲ. ಅವಳು ಕಣ್ಣು ಮುಚ್ಚಿದಳು. ಇಳಿಯುವುದಕ್ಕೆ ಎರಡು ಸ್ಟೇಷನ್ ಇರುವಾಗ, ಲೋಕಲ್ಲಿನ ಗದ್ದಲದ ಅಭ್ಯಾಸಕ್ಕೆ, ತಟ್ಟನೆ ಎದ್ದು ಬಾಗಿಲಿನತ್ತ ಹೊರಟಳು. ನಾನು ಸೆರಗು ಹಿಡಿದು ಕೂರಿಸಿದೆ.